ಬೀಮ್ ಸರಿಸಿದರೆ ಬೋರ್ಡಿನ ಅಂಕಿ ನಡೆಯದು

ಪ್ರಶ್ನೆ: ನಮ್ಮ ಗೋದಾಮಿನ ರ‍್ಯಾಕಿನಲ್ಲಿ ಮೂರು ಹಂತ. ಹಂತಕ್ಕೆ 2000 ಕೆ.ಜಿ., ಬೇ (ಎರಡು ಕಂಬಗಳ ನಡುವಿನ ಒಂದು ಅಂಕಣ) ಒಟ್ಟು 6000 ಕೆ.ಜಿ. ಎಂದು ಬೋರ್ಡಿದೆ. ನೆಲದ ಮೇಲೆ ಡ್ರಮ್ಮಿನ ಪ್ಯಾಲೆಟ್ ಎರಡು ಅಂತಸ್ತು ಇಡಬೇಕೆಂದು ಮೊದಲ ಬೀಮನ್ನು, ಅಂದರೆ ಸರಕು ಕೂರುವ ಅಡ್ಡ ತೊಲೆಯನ್ನು, 1500 ಮಿ.ಮೀ.ನಿಂದ 2250ಕ್ಕೆ ಏರಿಸಿ, ಮೇಲಿನವನ್ನೂ ಸರಿಸಿದ್ದೇವೆ. ಬೀಮ್ ಅವೇ ಇರುವುದರಿಂದ ಬೋರ್ಡೂ ಅದೇ ಸಾಲದೇ?
— ಭಿವಂಡಿಯ ಓದುಗರು

ಉತ್ತರ: ಸಾಲದು. ಬೀಮಿನ ಮಟ್ಟಿಗೆ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ನೀರಿನಷ್ಟು ಸಾಂದ್ರತೆಯ ದ್ರವ ತುಂಬಿದ 200 ಲೀಟರ್ ಡ್ರಮ್ ಸುಮಾರು 220 ಕೆ.ಜಿ. ತೂಗುತ್ತದೆ. ನಾಲ್ಕು ಡ್ರಮ್, ಜೊತೆಗೆ ಮರದ ಪ್ಯಾಲೆಟ್ ಸೇರಿ 900 ಕೆ.ಜಿ. ಹಿಡಿಯಿರಿ. ಹಂತಕ್ಕೆ ಎರಡು ಪ್ಯಾಲೆಟ್ ಎಂದರೆ 1800. ಬೀಮಿಗೆ ತೊಂದರೆಯಿಲ್ಲ.

ತೊಂದರೆಯಿರುವುದು ಕಂಬಕ್ಕೆ, ಫಿಟರ್‌ಗಳು ಅಪ್‌ರೈಟ್ ಎನ್ನುತ್ತಾರಲ್ಲ, ಅದಕ್ಕೆ. ತೆಳು ತಗಡಿನ ಕಂಬ ಭಾರಕ್ಕೆ ಜಜ್ಜಿಹೋಗುವ ಮೊದಲೇ ಬಾಗಿ ಬೀಳುತ್ತದೆ. ಹಾಗೆ ಬಾಗದಂತೆ ಅದನ್ನು ಹಿಡಿದಿರುವುದು ಬೀಮುಗಳೇ. ನೆಲದಿಂದ ಮೊದಲ ಬೀಮಿನವರೆಗೆ ಆಸರೆಯಿಲ್ಲದ ಉದ್ದವನ್ನು ನೀವು ಒಂದೂವರೆ ಪಟ್ಟು ಮಾಡಿದ್ದೀರಿ. ನೀಳ ಕಂಬದ ಲೆಕ್ಕದಲ್ಲಿ ಉದ್ದ ಒಂದೂವರೆ ಪಟ್ಟಾದರೆ ತಾಳುವ ಭಾರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ರ‍್ಯಾಕಿನ ಕಂಬ ಪೂರಾ ಅಷ್ಟು ಇಳಿಯದಿರಬಹುದು, ಆದರೆ 5400 ಕೆ.ಜಿ. ಹೊರುತ್ತದೆಂದು ನಂಬಲು ಈಗ ಆಧಾರವಿಲ್ಲ. ಎರಡು ಬೇಗಳ ನಡುವಿನ ಫ್ರೇಮಿನ (ಮುಂದಿನ, ಹಿಂದಿನ ಕಂಬಗಳ ಜೋಡಿ) ಮೇಲೆ ಎಡದ ಬೇಯ ಅರ್ಧ ಭಾರ, ಬಲದ ಬೇಯ ಅರ್ಧ ಭಾರ ಎರಡೂ ಕೂತಿರುತ್ತವೆ ಎಂಬುದನ್ನೂ ನೆನಪಿಡಿ. ಕುಸಿತ ಒಂದು ಬೇಯಿಂದ ಇಡೀ ಸಾಲಿಗೆ ಹರಡುವುದು ಇದರಿಂದಲೇ.

ಮೊದಲು ಮೇಲಿನ ಹಂತದಿಂದ ಶುರುಮಾಡಿ ಸರಕು ಇಳಿಸಿ. ಹಳೆಯ ಎತ್ತರಕ್ಕೆ ಮರಳಿ, ಇಲ್ಲವೇ ರ‍್ಯಾಕ್ ತಯಾರಿಸಿದವರಿಂದ ಹೊಸ ಎತ್ತರಕ್ಕೆ ಲೋಡ್ ಪಟ್ಟಿ ಬರೆಯಿಸಿಕೊಳ್ಳಿ. ಅಲ್ಲಿಯವರೆಗೆ ಹಳೆಯ ಬೋರ್ಡನ್ನು ಮುಚ್ಚಿಬಿಡಿ. ಹೊಸದರಲ್ಲಿ ಒಂದು ಪ್ಯಾಲೆಟ್ಟಿನ ಗರಿಷ್ಠ ತೂಕ, ಹಂತಕ್ಕೆ ಎಷ್ಟು ಪ್ಯಾಲೆಟ್, ಹಂತದ ಭಾರ, ಬೇ ಒಟ್ಟು ಭಾರ ಇವುಗಳ ಜೊತೆ ಮೊದಲ ಬೀಮಿನ ಎತ್ತರ ಮತ್ತು ಬೀಮ್‌ಗಳ ನಡುವಿನ ಅಂತರವೂ ಇರಲೇಬೇಕು. ಈ ಎರಡು ಅಳತೆ ಬಿಟ್ಟ ಬೋರ್ಡೇ ನಿಮ್ಮನ್ನು ದಾರಿ ತಪ್ಪಿಸಿದ್ದು. ಸಾಲಿನ ತುದಿಯಲ್ಲಿ, ಫೋರ್ಕ್‌ಲಿಫ್ಟ್ ಮೇಲೆ ಕುಳಿತವರ ಕಣ್ಣಿಗೆ ಬೀಳುವಂತೆ ಹಾಕಿ. ಬರಹ ಮರಾಠಿ, ಹಿಂದಿಯಲ್ಲಿರಲಿ. ನಮ್ಮ ಕಡೆಯ ಹುಡುಗರು ಹೆಚ್ಚಿದ್ದರೆ ಕನ್ನಡದಲ್ಲೂ ಒಂದು ಸಾಲು ಸೇರಿಸಿ.

ಪ್ರಶ್ನೆ: ಫೋರ್ಕ್‌ಲಿಫ್ಟ್ ತಗುಲಿ ಒಂದು ಕಂಬ ರ‍್ಯಾಕಿನ ಒಳಕ್ಕೆ 7 ಮಿ.ಮೀ. ಬಾಗಿದೆ. ಕಾಯಿಸಿ ನೇರ ಮಾಡಿಕೊಡುತ್ತೇನೆ ಎನ್ನುತ್ತಾರೆ ಫ್ಯಾಬ್ರಿಕೇಟರ್. ಮಾಡಿಸಲೇ?
— ಚಾಕಣ್‌ನ ಓದುಗರು

ಉತ್ತರ: ಬೇಡ. ಅಪ್‌ರೈಟಿನ ತಗಡು ತಣ್ಣಗಿರುವಾಗಲೇ ರೋಲರ್‌ಗಳ ನಡುವೆ ಮಡಿದು ಬಲ ಪಡೆದದ್ದು. ಕಾಯಿಸಿದರೆ ಆ ಬಲ ಹೋಗುತ್ತದೆ, ಮೇಲೆ ಬಣ್ಣ ಬಳಿದರೆ ಮುಂದಿನ ತಪಾಸಣೆಯಲ್ಲಿ ಪೆಟ್ಟು ಬಿದ್ದದ್ದೂ ಕಾಣುವುದಿಲ್ಲ.

ಅಳತೆ ಇನ್ನೊಮ್ಮೆ ಹೀಗೆ ತೆಗೆಯಿರಿ. 1 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ತಗ್ಗಾದ ಬದಿಗೆ, ಪೆಟ್ಟಿನ ಜಾಗ ನಟ್ಟನಡುವೆ ಬರುವಂತೆ ಒತ್ತಿಹಿಡಿದು ಸಂದನ್ನು ಅಳೆಯಿರಿ. 3 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಸಲೀಸಾಗಿ ತೂರಿದರೆ ಮಿತಿ ದಾಟಿದಂತೆ. ಐರೋಪ್ಯ ಮಾನದಂಡ ಇಎನ್ 15635ರ ಪ್ರಕಾರ ರ‍್ಯಾಕಿನ ಆಳದ ದಿಕ್ಕಿಗೆ 3 ಮಿ.ಮೀ., ಬೀಮ್ ಓಡುವ ದಿಕ್ಕಿಗೆ 5, ಫ್ರೇಮಿನ ಕಂಬಗಳನ್ನು ಬೆಸೆಯುವ ಅಡ್ಡ ಬ್ರೇಸಿಂಗ್‌ಗೆ 10. ಮಿತಿಯಿಂದ ಅದರ ಎರಡು ಪಟ್ಟಿನವರೆಗೆ ಹಳದಿ ಗುರುತು: ಇರುವ ಸರಕು ಇಳಿದ ಮೇಲೆ ಮತ್ತೆ ತುಂಬುವಂತಿಲ್ಲ, ನಾಲ್ಕು ವಾರದೊಳಗೆ ಸರಿಯಾಗದಿದ್ದರೆ ಕೆಂಪೆಂದೇ ಎಣಿಸಬೇಕು. ಎರಡು ಪಟ್ಟು ದಾಟಿದರೆ ನೇರ ಕೆಂಪು. ನಿಮ್ಮ 7 ಮಿ.ಮೀ. ಕೆಂಪು. ಕಂಬದ ಎರಡೂ ಬದಿಯ ಬೇಗಳನ್ನು ಈಗಲೇ ಖಾಲಿ ಮಾಡಿ, ಯಾರೂ ಬಳಸದಂತೆ ಅಡ್ಡ ಪಟ್ಟಿ ಕಟ್ಟಿ, ತಯಾರಕರದೇ ಹೊಸ ಅಪ್‌ರೈಟ್ ಹಾಕಿಸಿ. ತಗಡು ಹರಿದಿದ್ದರೆ ಅಥವಾ ಮಡಿಕೆ ಬಿದ್ದಿದ್ದರೆ ಅಳತೆಗೆ ಕಾಯಬೇಕಾಗಿಯೂ ಇಲ್ಲ. ಬದಲಿಸಿದ ಕಂಬಕ್ಕೆ ಕನಿಷ್ಠ 400 ಮಿ.ಮೀ. ಎತ್ತರದ ಗಾರ್ಡ್ ಕೂರಿಸಿ.

ಪ್ರಶ್ನೆ: ಮಳೆಗಾಲದ ವಾರದ ತಪಾಸಣೆಯಲ್ಲಿ ಏನೇನು ನೋಡಬೇಕು?
— ಗೋವಾ, ವೆರ್ಣಾದ ಓದುಗರು

ಉತ್ತರ: ಕಂಬದ ಬುಡದ ಬೇಸ್ ಪ್ಲೇಟ್‌ನಿಂದ ಶುರುಮಾಡಿ. ನೆಲ ತೊಳೆದ ನೀರು, ಷಟರ್ ಕೆಳಗಿಂದ ನುಗ್ಗಿದ ಮಳೆನೀರು ಅಲ್ಲೇ ನಿಲ್ಲುತ್ತದೆ. ತುಕ್ಕು ಕೆರೆದು ನೋಡಿ, ಆಂಕರ್ ಬೋಲ್ಟ್ ಸಡಿಲವೇ ಎಂದು ಸ್ಪ್ಯಾನರ್ ಇಟ್ಟು ಪರೀಕ್ಷಿಸಿ. ಪ್ರತಿ ಬೀಮಿನ ಎರಡೂ ತುದಿಯಲ್ಲಿ ಲಾಕ್ ಪಿನ್ ಇರಬೇಕು. ಅದಿಲ್ಲದಿದ್ದರೆ ಪ್ಯಾಲೆಟ್ ಎತ್ತುವಾಗ ಫೋರ್ಕ್ ತಾಗಿ ಬೀಮ್ ಕೊಂಡಿಯಿಂದ ಮೇಲೆದ್ದು ಬರುತ್ತದೆ. ಪಿನ್ ಬದಲು ಮೊಳೆ, ತಂತಿ ಕಂಡರೆ ಅಂದೇ ಬದಲಿಸಿ. ಬೀಮಿನ ಎರಡು ತುದಿಗೆ ದಾರ ಬಿಗಿದು ನಡುವಿನ ಜೋಲು ಅಳೆಯಿರಿ: ಉದ್ದದ 200ರಲ್ಲಿ ಒಂದು ಪಾಲು, ಅಂದರೆ 2700 ಮಿ.ಮೀ. ಬೀಮಿಗೆ 13.5 ಮಿ.ಮೀ. ಮೀರಬಾರದು. ಭಾರ ಇಳಿಸಿದ ಮೇಲೂ ಜೋಲು ಉಳಿದರೆ ಆ ಬೀಮ್ ತೆಗೆದುಹಾಕಿ. ತೇವ ಹೀರಿದ ರಟ್ಟಿನ ಪೆಟ್ಟಿಗೆ, ಮರದ ಪ್ಯಾಲೆಟ್ ಎರಡೂ ತೂಕ ಏರಿ ಬಲ ಕಳೆದುಕೊಳ್ಳುತ್ತವೆ, ಹಾಗಾಗಿ ಬೇಸಿಗೆಯಲ್ಲಿ ತೂಗಿದ ಅಂಕಿಯನ್ನು ಜುಲೈನಲ್ಲಿ ನೆಚ್ಚಬೇಡಿ, ಮತ್ತೆ ತೂಗಿಸಿ. ಇದು ನಿಮ್ಮವರೇ ಮಾಡುವ ವಾರದ ಕೆಲಸ. ಪರಿಣತರಿಂದ ವರ್ಷಕ್ಕೊಮ್ಮೆಯಾದರೂ ಪೂರ್ತಿ ತಪಾಸಣೆ ಬೇರೆಯಾಗಿ ಆಗಬೇಕು, ವಾರದ ನೋಂದಣಿ ಪುಸ್ತಕವನ್ನು ಆಗ ಅವರ ಕೈಗೆ ಕೊಡಿ.