ದೇವರನ್ನು ಬಿಟ್ಟ ಮೇಲೆ "ಇದು ತಪ್ಪು" ಅನ್ನೋಕೆ ಆಧಾರ ಏನು?

ನೀವು ಕೇಳಿರೋದು ಇಷ್ಟು. ದೇವರ ಮೇಲಿನ ನಂಬಿಕೆ ಹೋಗಿದೆ. ಮುಂದಿನ ತಿಂಗಳು ಅಕ್ಕನಿಗೆ ಹೆರಿಗೆ. ಹಟ್ಟಿಯವರು ಅವಳನ್ನೂ ಮಗುವನ್ನೂ ಊರಾಚೆ ಗುಡ್ಲಲ್ಲಿ ಇಡ್ತಾರೆ. ಅದು ತಪ್ಪು ಅನಿಸುತ್ತೆ. ಆದರೆ ದೇವರೇ ಇಲ್ಲ ಅಂದಮೇಲೆ ಒಳ್ಳೆಯದು ಕೆಟ್ಟದ್ದು ಅವರವರ ಲೆಕ್ಕ ಅಲ್ವಾ? ಅವರಿಗೆ ಅದು ಸರಿ, ಜಾತ್ಯತೀತ ಅಂದುಕೊಂಡವನು ಅವರ ನಂಬಿಕೆಗೆ ಕೈ ಹಾಕಬಹುದಾ? ನಾನು ಏನು ಮಾಡಲಿ?

ಇದನ್ನ ನಾನೇ ಬರೆದು ಮರೆತಿದ್ದೆನೇನೋ ಅನಿಸಿತು. ನಮ್ಮದು ಶಿರಾ ಕಡೆಯ ಒಂದು ಗೊಲ್ಲರಹಟ್ಟಿ, ಅಂದರೆ ಕಾಡುಗೊಲ್ಲರ ಊರು. ನಾನಾಗ ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುತ್ತಿದ್ದೆ. ಒಂದು ಸಂಸ್ಕೃತಿಯನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು ಅಂತ ಆಗಷ್ಟೇ ಪಾಠ ಆಗಿತ್ತು. ಪಾಠ ಸುಳ್ಳೇನಲ್ಲ. ನಮ್ಮವರನ್ನು ಕಾಡುಜನ ಅಂತ ಹೀಯಾಳಿಸಿದವರ ಬಾಯಿ ಮುಚ್ಚಿಸೋಕೆ ಅದು ಬೇಕೇ ಬೇಕಿತ್ತು. ದೇವರನ್ನು ಅದಕ್ಕೂ ಮುಂಚೆಯೇ, ಹಾಸ್ಟೆಲಿನಲ್ಲಿ, ಬಿಟ್ಟಾಗಿತ್ತು.

ಅದೇ ವರ್ಷ ಅಕ್ಕನ ಮೊದಲ ಹೆರಿಗೆ. ಆಸ್ಪತ್ರೆಯಿಂದ ಆಟೋದಲ್ಲಿ ಕರಕೊಂಡು ಬಂದೆವು. ಹಟ್ಟಿಯ ಮುಳ್ಳುಬೇಲಿ ಹತ್ತಿರ ಆಟೋ ನಿಂತಿತು. ನಾವೆಲ್ಲ ಒಳಗೆ ನಡೆದೆವು. ಅಕ್ಕ ಮಗುವನ್ನು ಎತ್ತಿಕೊಂಡು ಇಳಿದು ಹೊಲದ ಕಡೆ ತಿರುಗಿದಳು. ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಗುಡ್ಲು ಅಂದರೆ ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಗರಿಯ ಮೇಲೆ ಹಳೇ ಫ್ಲೆಕ್ಸು. ಯಾವುದೋ ಚುನಾವಣೆಯ ಅಭ್ಯರ್ಥಿ ಅದರಲ್ಲಿ ಕೈಮುಗಿದು ನಗುತ್ತಿದ್ದ. ಒಳಗೆ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಚಾಪೆ. ಅವ್ವ ಊಟದ ತಟ್ಟೆಯನ್ನು ದೂರದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಆಮೇಲೆ ಅಕ್ಕ, ಹೊಲಿಗೆ ಇನ್ನೂ ಒಣಗದ ಮೈಯಲ್ಲಿ, ಎದ್ದು ಬಂದು ತಗೊಳ್ಳಬೇಕು. ಅವ್ವ ಮಗುವನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅವಳಿಗೂ ಸೂತಕ, ಅವಳೂ ಹೊರಗೆ. ಹಟ್ಟಿಯೊಳಗೆ ದೇವರ ಗುಡಿ ಇದೆ, ಮೈಲಿಗೆ ಒಳಗೆ ಬಂದರೆ ಜುಂಜಪ್ಪ ಮುನಿಯುತ್ತಾನೆ, ಕುರಿ ಸಾಯುತ್ತವೆ, ಊರಿಗೆ ಕೇಡಾಗುತ್ತದೆ. ನಂಬಿಕೆ ಇರೋದು ಹೀಗೆ.

ನಾನು ಇದನ್ನೆಲ್ಲ ನೋಡಿ ಸುಮ್ಮನಿದ್ದೆ. "ಅವರ ಲೋಕದೊಳಗೆ ಇದಕ್ಕೊಂದು ಅರ್ಥ ಇದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೂ ಉಂಟು. ಈಗ ಓದಿದರೆ ನಾಚಿಕೆಯಾಗುತ್ತದೆ. ಆದರೆ ನನ್ನ ನಿಜವಾದ ತಪ್ಪು ಅದಲ್ಲ. ಅದು ಮಳೆ ಹಿಡಿದ ಮೇಲೆ ಆಯಿತು.

ಮಳೆ ಶುರುವಾಗಿ ಚಾಪೆಯ ಕೆಳಗೆ ನೀರು ಬಂತು. ಮಗುವಿಗೆ ಕೆಮ್ಮು. ಅವ್ವ ಮತ್ತು ಅಜ್ಜಿ ಆಗಲೇ ಗುಟ್ಟಾಗಿ ಒಂದು ದಾರಿ ಹುಡುಕಿದ್ದರು. ಮಗುವನ್ನು ಡಾಕ್ಟರಿಗೆ ತೋರಿಸುವ ನೆಪ, ಹಾಗೇ ಶಿರಾದಲ್ಲಿ ನೆಂಟರ ಮನೆಯಲ್ಲಿ ಉಳಿಯೋದು, ಸೂತಕ ಕಳೆದ ಮೇಲೆ ನೀರು ಹಾಕಿಸಿಕೊಂಡು ಬರೋದು. ಹಟ್ಟಿಯ ಯಜಮಾನರಿಗೂ ಇದು ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ. ನೋಡಿಯೂ ನೋಡದ ಹಾಗೆ ಇರೋಕೆ ಅವರು ತಯಾರಿದ್ದರು.

ಅವತ್ತು ಸಂಜೆ ನಾನು ಗುಡಿ ಕಟ್ಟೆಗೆ ಹೋಗಿ ಭಾಷಣ ಮಾಡಿದೆ. ಜುಂಜಪ್ಪ ಯಾವ ಕಾಲದಲ್ಲೋ ಬದುಕಿದ್ದ ಪಶುಪಾಲಕ ವೀರ, ಸತ್ತವನು ಮುನಿಯೋದಿಲ್ಲ, ಮೈಲಿಗೆ ಅನ್ನೋದು ಮೂಢನಂಬಿಕೆ, ದೇವರು ಅನ್ನೋದೇ ಭಯ ಅಂತೆಲ್ಲ. ಅಕ್ಕನ ಹೆಸರು ಎತ್ತಿದ್ದೇ ಕೊನೆಗೆ. ಒಬ್ಬ ಮುದುಕರು ಬೀಡಿ ಆರಿಸಿ ಕೇಳಿದರು: "ಆಯ್ತು ಕಣಪ್ಪ, ದೇವ್ರು ಇಲ್ಲ ಅಂತಲೇ ಇಟ್ಕೋ. ಹಂಗಾರೆ ನೀನ್ ಹೇಳಿದ್ದೇ ಸರಿ ಅನ್ನಾಕೆ ನೀನ್ಯಾರು?"

ನಿಮ್ಮ ಪ್ರಶ್ನೆಯೇ ಅಲ್ವಾ ಇದು? ಓದು ಬರಹ ಇಲ್ಲದ ಕುರಿ ಕಾಯೋ ಮುದುಕರು ಒಂದೇ ಮಾತಿನಲ್ಲಿ ಕೇಳಿಬಿಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಉತ್ತರವೂ ಅವರ ಕಡೆಗೇ ವಾಲುತ್ತಿತ್ತು. ಎಲ್ಲವೂ ಅವರವರ ಲೆಕ್ಕ ಅಂತ ಕಲಿತವನು ನಾನೇ ತಾನೆ.

ಇಲ್ಲಿ ನಾನು ಏನು ಮಾಡಿದೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವು ಅದನ್ನೇ ಮಾಡೋಕೆ ಹೊರಟ ಹಾಗೆ ಕಾಣುತ್ತದೆ. ಅಲ್ಲಿದ್ದ ವಿಷಯ ಒಂದು ಒದ್ದೆ ಚಾಪೆ. ಮಗು ಒದ್ದೆ ಚಾಪೆಯ ಮೇಲೆ ಮಲಗಬೇಕಾ ಬೇಡವಾ ಅನ್ನೋದರಲ್ಲಿ ಕಟ್ಟೆ ಮೇಲಿದ್ದವರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ನಾನು ಅದನ್ನ ದೇವರಿದ್ದಾನಾ ಇಲ್ಲವಾ ಅನ್ನೋ ವಿಷಯ ಮಾಡಿದೆ. ಅದರಲ್ಲಿ ಇಡೀ ಹಟ್ಟಿ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ಅಲ್ಲಿಯವರೆಗೆ ಅಕ್ಕ ಶಿರಾಕ್ಕೆ ಹೋಗಿದ್ದರೆ ಡಾಕ್ಟರಿಗೆ ತೋರಿಸೋಕೆ ಹೋದಳು ಅಂತಾಗುತ್ತಿತ್ತು. ನನ್ನ ಭಾಷಣ ಆದಮೇಲೆ ಹೋದರೆ ದೇವರಿಲ್ಲ ಅಂದವನ ಮಾತು ಕೇಳಿ ಹೋದಳು ಅಂತಾಗುತ್ತದೆ. ಯಜಮಾನರು ಕಣ್ಣು ಮುಚ್ಚಿಕೊಳ್ಳೋ ಹಾಗಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಮನೆಗೆ ಬಂದು, "ಇನ್ನು ಅವಳು ಎಲ್ಲಿಗೂ ಹೋಗಂಗಿಲ್ಲ" ಅಂದರು. ಅವ್ವ ಅಡುಗೆಮನೆಯಲ್ಲಿ ಅತ್ತಳು. ನನಗೆ ಯಾಕಂತಲೂ ತಿಳಿಯಲಿಲ್ಲ, ಆ ಗುಟ್ಟಿನ ದಾರಿಯ ವಿಷಯ ಅಜ್ಜಿ ಹೇಳಿದ್ದು ಎಷ್ಟೋ ಆಮೇಲೆ.

ಎಲ್ಲಕ್ಕಿಂತ ಮುಖ್ಯ, ನಾನು ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಅವಳಿಗೇನು ಬೇಕು, ಯಾವುದಕ್ಕೆ ಹೆದರುತ್ತಾಳೆ, ಎಷ್ಟು ದೂರ ಬರೋಕೆ ತಯಾರಿದ್ದಾಳೆ, ಊಹೂಂ. ಅವಳು ಸೂತಕ ಮುಗಿಯೋವರೆಗೂ ಅಲ್ಲೇ ಇದ್ದಳು. ಮಗುವಿಗೆ ನ್ಯುಮೋನಿಯಾ ಆಯಿತು, ತುಮಕೂರಿನ ಆಸ್ಪತ್ರೆಯಲ್ಲಿ ಉಳಿಯಿತು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. "ನೀನ್ ಗೆಲ್ಲಾಕೆ ಬಂದಿದ್ದೆ ಕಣೋ, ನನ್ನ ಒಳಗೆ ಕರಕೊಳ್ಳಾಕಲ್ಲ" ಅಂದಳು, ಮಾತು ಬಿಡುವ ಮುಂಚೆ.

ನಮ್ಮ ಮಗು ಉಳಿಯಿತು. ಎಲ್ಲ ಮಕ್ಕಳೂ ಉಳಿಯೋದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೇ ಹೊರಗಿಟ್ಟಿದ್ದ ಬಾಣಂತಿಯ ಹಸುಗೂಸು ತೀರಿಕೊಂಡದ್ದು ಪೇಪರಿನಲ್ಲಿ ಓದಿರುತ್ತೀರಿ. (ಒಂದು ಮಾತು: ಇದು ಕಾಡುಗೊಲ್ಲರದ್ದೊಂದೇ ರೋಗ ಅನ್ನೋ ಹಾಗೆ ಬರೆಯೋರನ್ನ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಂಗಳೂರಿನ ಫ್ಲಾಟುಗಳಲ್ಲಿ ತಿಂಗಳಿಗೆ ಮೂರು ದಿನ ಅಡುಗೆಮನೆ ಮುಟ್ಟದವರು ಎಷ್ಟು ಜನ ಇದ್ದಾರೆ ಕೇಳಿ ನೋಡಿ.)

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. "ಅವರಿಗೆ ಅದು ಸರಿ" ಅಂತ ಬರೆದಿದ್ದೀರಿ. ಅವರು ಅಂದರೆ ಯಾರು? ಪೂಜಾರಿಯಾ, ಯಜಮಾನರಾ, ಗುಡ್ಲಲ್ಲಿ ಮಲಗಿರೋ ಅಕ್ಕನಾ? ಹಟ್ಟಿಯ ನಂಬಿಕೆ ಏನು ಅಂತ ತಿಳಿಯೋಕೆ ಬಂದವರೆಲ್ಲ ಕಟ್ಟೆ ಮೇಲೆ ಕೂತವರನ್ನ ಕೇಳಿ ಬರಕೊಂಡು ಹೋಗ್ತಾರೆ. ಗುಡ್ಲ ಹತ್ತಿರ ಹೋಗಿ ಕೇಳೋದಿಲ್ಲ. ಒಂದು ಸಮುದಾಯಕ್ಕೆ ಒಂದೇ ಮನಸ್ಸು ಇದೆ ಅಂದುಕೊಂಡರೆ ಮಾತ್ರ ಅವರವರ ಲೆಕ್ಕ ಅನ್ನೋ ಮಾತು ನಿಲ್ಲುತ್ತದೆ. ಇಲ್ಲದಿದ್ದರೆ ಅದು ಯಜಮಾನರ ಲೆಕ್ಕ ಅಷ್ಟೇ.

ಇದಕ್ಕೂ ತೊಡಕಿದೆ, ಮುಚ್ಚಿಡಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನ ಗೊತ್ತಲ್ಲ? ಚಂಪಾಷಷ್ಠಿಯ ಹೊತ್ತಿಗೆ ಬ್ರಾಹ್ಮಣರು ಉಂಡ ಎಂಜಲೆಲೆಗಳ ಮೇಲೆ ಹರಕೆ ಹೊತ್ತವರು ಉರುಳೋದು. ಚರ್ಮರೋಗ ವಾಸಿಯಾಗುತ್ತೆ ಅಂತ ನಂಬಿಕೆ. ಅದನ್ನ ನಿಲ್ಲಿಸಬೇಕು ಅಂತ ಗಲಾಟೆ ಆದಾಗ ನಿಲ್ಲಿಸೋದು ಬೇಡ ಅಂತ ಮುಂದೆ ನಿಂತವರಲ್ಲಿ ಆ ಕಡೆಯ ಬುಡಕಟ್ಟಿನವರಾದ ಮಲೆಕುಡಿಯರೂ ಇದ್ದರು. ನಮ್ಮ ಹರಕೆ, ನಮ್ಮ ಇಷ್ಟ ಅಂದರು. ಹಾಗಾದರೆ ಅನುಭವಿಸೋರನ್ನೇ ಕೇಳಬೇಕು ಅನ್ನೋ ನನ್ನ ಮಾತು ಬಿದ್ದುಹೋಯಿತಾ? ನಾನು ಬಹಳ ದಿನ ಇದನ್ನ ತಲೆಯಲ್ಲಿ ಹೊತ್ತು ತಿರುಗಿದೆ. ನನಗೆ ಹೊಳೆದದ್ದು ಇಷ್ಟು: ಉರುಳೋರು ಯಾವ ಜಾತಿಯವರಾದರೂ ಆಗಬಹುದಿತ್ತು, ಎಲೆ ಮಾತ್ರ ಒಂದೇ ಜಾತಿಯವರು ಉಂಡದ್ದಾಗಬೇಕಿತ್ತು. ತಿರುವುಮುರುವು ಮಾಡೋಕೆ ಆಗದ ಆಚಾರ ಕಂಡರೆ ನಾನು ಅನುಮಾನ ಪಡ್ತೀನಿ, ಒಪ್ಪಿಗೆ ಎಷ್ಟೇ ಇರಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2018ರಲ್ಲಿ ಉಡುಪಿ ಕೃಷ್ಣಮಠದಲ್ಲಿ ಮಡೆಸ್ನಾನವನ್ನೂ ಅದರ ಬದಲಿಗೆ ಬಂದಿದ್ದ ಎಡೆಸ್ನಾನವನ್ನೂ (ಎಂಜಲೆಲೆ ಬಿಟ್ಟು ದೇವರ ನೈವೇದ್ಯದ ಮೇಲೆ ಉರುಳೋದು) ನಿಲ್ಲಿಸಿದ್ದು ಆಗ ಪರ್ಯಾಯದ, ಅಂದರೆ ಪೂಜೆಯ ಸರದಿಯ, ಪಲಿಮಾರು ಸ್ವಾಮಿಗಳು. ನಾಸ್ತಿಕರಲ್ಲ, ಮಠಾಧಿಪತಿ.

ಜಾತ್ಯತೀತ ಅಂದರೆ ಎಲ್ಲರ ನಂಬಿಕೆಯಿಂದ ದೂರ ಕೈಕಟ್ಟಿ ನಿಲ್ಲೋದು ಅಂತ ಯಾರು ಹೇಳಿದರೋ ನಿಮಗೆ. ನಮ್ಮ ಸಂವಿಧಾನ ಹಾಗೆ ಹೇಳಿಲ್ಲ. ಧರ್ಮದ ಸ್ವಾತಂತ್ರ್ಯ ಕೊಡೋ 25ನೇ ವಿಧಿ ಶುರುವಾಗೋದೇ ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಇವುಗಳಿಗೆ ಒಳಪಟ್ಟು. ಆರೋಗ್ಯ ಅನ್ನೋ ಮಾತು ಅಲ್ಲೇ ಇದೆ ನೋಡಿ, ಒದ್ದೆ ಚಾಪೆಗೆ ಅದೇ ಸಾಕು. ನಮ್ಮ ರಾಜ್ಯದಲ್ಲಂತೂ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾನೂನು ಆಗಿ, 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಮುಟ್ಟಾದವರನ್ನು, ಬಸುರಿಯರನ್ನು ಒತ್ತಾಯದಿಂದ ಊರ ಹೊರಗೆ ಇಡೋದು, ಎಂಜಲೆಲೆ ಮೇಲೆ ಉರುಳಿಸೋದು ಎರಡೂ ಅದರ ಪಟ್ಟಿಯಲ್ಲಿವೆ. ಪ್ರದಕ್ಷಿಣೆ, ಯಾತ್ರೆ, ಭಜನೆ, ಕಿವಿ ಚುಚ್ಚೋದು ಇವನ್ನೆಲ್ಲ ಅದು ಮುಟ್ಟಿಲ್ಲ.

ಆಧಾರ ಏನು ಅನ್ನೋದರಲ್ಲಿ ದೊಡ್ಡ ದೊಡ್ಡವರೇ ಒಮ್ಮತಕ್ಕೆ ಬಂದಿಲ್ಲ. 2018ರ ಶಬರಿಮಲೆ ತೀರ್ಪಿನಲ್ಲಿ ಮುಟ್ಟಿನ ಕಾರಣಕ್ಕೆ ಹೊರಗಿಡೋದು ಒಂಥರಾ ಅಸ್ಪೃಶ್ಯತೆಯೇ ಅಂದರು ನ್ಯಾಯಮೂರ್ತಿ ಚಂದ್ರಚೂಡ್. ಧರ್ಮದ ಆಚರಣೆಯನ್ನು ಕೋರ್ಟು ತರ್ಕದಿಂದ ಅಳೆಯಬಾರದು ಅಂದರು ಇಂದು ಮಲ್ಹೋತ್ರಾ, ಪೀಠದಲ್ಲಿದ್ದ ಒಬ್ಬರೇ ಮಹಿಳೆ. ಮಾರನೇ ವರ್ಷ ವಿಷಯ ಇನ್ನೂ ದೊಡ್ಡ ಪೀಠಕ್ಕೆ ಹೋಯಿತು. ಅವರ ವಾದ ಮುಗಿಯಲಿ ಅಂತ ನಿಮ್ಮ ಅಕ್ಕನ ಹೆರಿಗೆ ಕಾಯೋದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲಿರೋ ಮಾತು: ದೇವರಿದ್ದರೆ ಸರಿ ತಪ್ಪು ಗಟ್ಟಿ, ಇಲ್ಲದಿದ್ದರೆ ಅವರವರ ಲೆಕ್ಕ. ಇದನ್ನ ನಾನು ಒಪ್ಪಲ್ಲ. ಒಪ್ಪದಿರೋಕೆ ಕಾರಣ ನನ್ನ ಅಜ್ಜಿ.

ಅಕ್ಕನ ಎರಡನೇ ಹೆರಿಗೆ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡು ಶಿರಾದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಹಟ್ಟಿಯ ಆಶಾ ಕಾರ್ಯಕರ್ತೆ ಅಕ್ಕನ ಓರಗೆಯವಳು, ದೇವರಿಗೆ ನಡೆದುಕೊಳ್ಳೋಳು. ತೂಕ, ಚುಚ್ಚುಮದ್ದು, ರಕ್ತ ಅಂತ ಮನೆ ಮನೆಗೆ ಹೇಳಿ ಹೇಳಿ ಅವಳು ನೆಲ ಹದ ಮಾಡಿದ್ದಳು. ಕಾನೂನಿನ ಭಯವೂ ಒಂದಷ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಅಜ್ಜಿಗೆ ಜುಂಜಪ್ಪನ ಅಪ್ಪಣೆ ಬೇಕಿತ್ತು. ಪೂಜಾರಪ್ಪನ ಕೈಲಿ ಹೂ ಕೇಳಿಸಿದಳು. ಬಲಕ್ಕೆ ಬಿದ್ದರೆ ಅಪ್ಪಣೆ. ಹೂ ಎಡಕ್ಕೆ ಬಿತ್ತು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿ ಬಾಗಿಲಲ್ಲೇ ದೇವರನ್ನು ತರಾಟೆಗೆ ತಗೊಂಡಳು. "ಏನಪ್ಪಾ ಜುಂಜಪ್ಪಾ, ಹಸುಗೂಸು ಕಣಪ್ಪಾ! ಹೋದ ಸಲ ಏನಾತು ನೀನು ನೋಡ್ಲಿಲ್ವಾ? ನಿಂಗೆ ಕಣ್ಣಿಲ್ವಾ? ಸರಿಯಾಗಿ ನೋಡಿ ಹೇಳು." ಪೂಜಾರಪ್ಪ ಮತ್ತೆ ಹೂ ಏರಿಸಿದ. ಈ ಸಲ ಬಲಕ್ಕೆ ಬಿತ್ತು. ಅವನು ಏರಿಸುವಾಗ ಹೂವನ್ನು ಸ್ವಲ್ಪ ಬಲಕ್ಕೇ ವಾಲಿಸಿದ ಅಂತ ನನಗೆ ಅನುಮಾನ, ಇರಲಿ.

ಸರಿ ಯಾವುದು ಅಂತ ಅಜ್ಜಿ ದೇವರಿಂದ ಕಲಿಯೋಕೆ ಹೋಗಿರಲಿಲ್ಲ. ತನಗೆ ಮೊದಲೇ ಗೊತ್ತಿದ್ದದ್ದನ್ನ ದೇವರಿಗೆ ಹೇಳೋಕೆ ಹೋಗಿದ್ದಳು. ನನಗಿಂತ ನೂರು ಪಾಲು ಜಾಸ್ತಿ ನಂಬೋ ಹೆಂಗಸು. ಆಧಾರ ದೇವರೇ ಆಗಿದ್ದಿದ್ದರೆ ಹೂ ಎಡಕ್ಕೆ ಬಿದ್ದಾಗಲೇ ಅವಳು ಕೈಮುಗಿದು ಬರಬೇಕಿತ್ತು. ಹಾಗಾಗಿ ನಂಬಿಕೆ ಬಿಟ್ಟಿದ್ದಕ್ಕೆ ನಿಮ್ಮ ಕಾಲ ಕೆಳಗಿನ ನೆಲ ಕುಸಿದಿದೆ ಅಂತ ಗಾಬರಿಯಾಗಬೇಡಿ. ನಂಬೋರು ನಿಂತಿರೋ ನೆಲವೂ ಅದೇ. ನನಗೆ ಅವತ್ತು ಹೂವಿನ ಮೇಲೆ ಎಲ್ಲ ನಿಂತಿದೆಯಲ್ಲ ಅಂತ ಉರಿದದ್ದೂ ನಿಜ, ಈಗಲೂ ಪೂರ್ತಿ ತಣ್ಣಗಾಗಿಲ್ಲ. ಆದರೆ ಅಕ್ಕ ಮಗುವಿನ ಜೊತೆ ಒಣ ರೂಮಿನಲ್ಲಿ ಮಲಗಿದಳು.

ಏನು ಮಾಡಲಿ ಅಂತ ಕೊನೆಗೆ ಕೇಳಿದ್ದೀರಿ. ಮೊದಲು ಅಕ್ಕನಿಗೇ ಫೋನ್ ಮಾಡಿ, ಬೇರೆ ಯಾರೂ ಇಲ್ಲದಾಗ, ಅವಳಿಗೇನು ಬೇಕು ಕೇಳಿ. ಅವಳು ಗುಡ್ಲಿಗೇ ಹೋಗ್ತೀನಿ ಅಂದರೆ ವಾದ ಮಾಡಬೇಡಿ, ಯಾವುದಕ್ಕೆ ಹೆದರಿಕೆ ಅಂತ ಕೇಳಿ. ನಿಮ್ಮ ಹಟ್ಟಿಯ ಆಶಾ, ಅಂಗನವಾಡಿ ಟೀಚರ್ ಯಾರು ಅಂತ ತಿಳ್ಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ ಒಂದು ರೂಮು ನೋಡಿಡಿ, ಹೆರಿಗೆ ಆದಮೇಲೆ ಹುಡುಕೋಕೆ ಪುರುಸೊತ್ತಿರಲ್ಲ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಅವರ ಜೊತೆ ಕೂತು ಅವರ ಬಾಣಂತನ ಹೇಗಿತ್ತು ಅಂತ ಕೇಳಿ, ನೀವು ಏನೂ ಹೇಳಬೇಡಿ. ಎಲ್ಲ ಕೈಕೊಟ್ಟು ಮಗುವಿಗೆ ಅಪಾಯ ಅನಿಸಿದರೆ ಹಟ್ಟಿಯ ಮರ್ಯಾದೆ ನೋಡ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆಮೇಲೆ ಬೈಸಿಕೊಳ್ಳೋದು ಇದ್ದೇ ಇರುತ್ತೆ.

ಗುಡಿ ಕಟ್ಟೆ ಕಡೆ ಮಾತ್ರ ಹೆರಿಗೆ ಮುಗಿಯೋವರೆಗೆ ಹೋಗಬೇಡಿ. ದೇವರಿದ್ದಾನಾ ಇಲ್ಲವಾ ಅನ್ನೋದನ್ನ ಮಗುವಿನ ನಾಮಕರಣ ಆದಮೇಲೆ ಇಲ್ಲೇ ಕೇಳಿ, ಎಷ್ಟು ಬೇಕಾದರೂ ಜಗಳ ಆಡೋಣ.