ಸಿಟ್ಟು ಗೊತ್ತಾಗುತ್ತದೆ, ಹೆಂಡತಿ ಗೊತ್ತಾಗುವುದಿಲ್ಲ

ಶಿಡ್ಲಘಟ್ಟದ ರೇಷ್ಮೆ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಸುವವರು, ಒಬ್ಬರು ಹೆಂಡತಿಯ ಬಲವಂತಕ್ಕೆ ನನ್ನ ಬಳಿ ಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ರೀಲರಣ್ಣ ಅನ್ನೋಣ.

ಜಗಳ ಶುರುವಾಗಿದ್ದು ಚಿಂತಾಮಣಿಯ ಒಂದು ಮದುವೆ ಛತ್ರದಲ್ಲಿ. ಹೆಂಡತಿಯ ಅಣ್ಣ ತಿರುಪತಿಯಲ್ಲಿ ಮುಡಿ ಕೊಟ್ಟು, ಮೀಸೆಯನ್ನೂ ತೆಗೆಸಿ ಬಂದಿದ್ದರು. ರೀಲರಣ್ಣ ಅವರ ಎದುರು ಪಂಕ್ತಿಯಲ್ಲೇ ಕೂತು ಊಟ ಮಾಡಿ, ಮಾತಾಡಿಸದೆ ಎದ್ದು ಹೋದರು. "ದುಡ್ಡು ಬಂದಮೇಲೆ ಕೊಬ್ಬೂ ಬಂತು" ಅಂತ ತವರಲ್ಲೆಲ್ಲ ಮಾತಾಯಿತು.

ನಾನೂ ಮೊದಲು ದಾರಿ ತಪ್ಪಿದೆ. ಎರಡು ಮನೆಗಳ ಹಳೆಯ ಮನಸ್ತಾಪ ಇರಬೇಕು ಅಂದುಕೊಂಡು ಒಂದಿಡೀ ಭೇಟಿ ಅದರಲ್ಲೇ ಕಳೆದೆ. ಎರಡನೇ ಸಲ ಬಂದಾಗ ಬಾಗಿಲಲ್ಲೇ ಎದುರಾದೆ. ನನ್ನನ್ನೇ "ಮೇಡಂ ಇದ್ದಾರಾ?" ಎಂದು ಕೇಳಿದರು. ನಾನು ಬಾಯಿ ತೆರೆದ ಕೂಡಲೇ, "ಓ, ನೀವೇನಾ!"

ಅವರ ಫೋನಿನಲ್ಲಿದ್ದ ಒಂದು ಫೋಟೋದಲ್ಲಿ ಕೂದಲು, ಸೀರೆ ಮುಚ್ಚಿ ಮುಖ ಮಾತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಯಾರೋ ಹೆಂಗಸು. ಸ್ವಲ್ಪ ಸಿಟ್ಟಲ್ಲಿದ್ದಾರೆ" ಎಂದರು. ಅದು ಅವರ ಹೆಂಡತಿ. ಪಕ್ಕದಲ್ಲಿ ಕೂತಿದ್ದ ಆಕೆ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಹರಾಜಿನಲ್ಲಿ ಒಂದು ಹಿಡಿ ಗೂಡು ಎತ್ತಿ ನೋಡಿ ಇಡೀ ಲಾಟಿನ ಗುಣ ಹೇಳುವ ಕಣ್ಣು ಅದು. ದೃಷ್ಟಿಗೂ ನೆನಪಿಗೂ ಏನೂ ಆಗಿಲ್ಲ. ಮಿದುಳಿನ ಹಿಂಬದಿಯ ತಳಭಾಗದಲ್ಲಿ, ಬಲಗಡೆ ಜಾಸ್ತಿ, ಮುಖ ಕಂಡರೆ ವಿಶೇಷವಾಗಿ ಚುರುಕಾಗುವ ಒಂದು ಜಾಗವಿದೆ. 1997ರಲ್ಲಿ ಅಮೆರಿಕದ ನರವಿಜ್ಞಾನಿ ನ್ಯಾನ್ಸಿ ಕಾನ್ವಿಶರ್ ತಂಡ ಅದನ್ನು ಫ್ಯೂಸಿಫಾರ್ಮ್ ಫೇಸ್ ಏರಿಯಾ ಎಂದು ಕರೆಯಿತು. ನಾವು ಕಣ್ಣು, ಮೂಗು, ಬಾಯಿ ಅಂತ ಬಿಡಿಬಿಡಿಯಾಗಿ ಕೂಡಿಸುತ್ತಾ ಕೂರುವುದಿಲ್ಲ. ಮುಖವನ್ನು ಒಟ್ಟಿಗೇ ಹಿಡಿಯುತ್ತೇವೆ. ಫೋಟೋ ತಲೆಕೆಳಗಾದರೆ ಪರಿಚಯದವರೂ ತಟ್ಟನೆ ಹೊಳೆಯುವುದಿಲ್ಲ, ಅಲ್ವಾ? ರೀಲರಣ್ಣನಿಗೆ ನೇರ ಮುಖದ್ದೂ ಅದೇ ಪಾಡು. ಸಿಟ್ಟು, ನಗು ಓದುವುದರಲ್ಲಿ ಮಿದುಳಿನ ಬೇರೆ ಭಾಗಗಳ ಪಾಲು ದೊಡ್ಡದು, ಅದಕ್ಕೇ ಅದು ಉಳಿದಿದೆ.

1947ರಲ್ಲಿ ಜರ್ಮನಿಯ ವೈದ್ಯ ಯೋಆಕಿಮ್ ಬೋಡಾಮರ್, ಮುಖ ನೋಡಿ ಗುರುತು ಹಿಡಿಯಲಾಗದ ಈ ತೊಂದರೆಗೆ ಪ್ರೊಸೊಪಾಗ್ನೋಸಿಯಾ ಎಂದು ಹೆಸರಿಟ್ಟರು. ಅವರು ನೋಡಿದ್ದು ತಲೆಗೆ ಪೆಟ್ಟಾದವರನ್ನು. ಹುಟ್ಟಿನಿಂದಲೇ ಇರುವವರೂ ಇದ್ದಾರೆ, ನೂರಕ್ಕೆ ಇಬ್ಬರಷ್ಟು ಎಂಬ ಅಂದಾಜಿದೆ. ಇದ್ದಕ್ಕಿದ್ದಂತೆ ಮುಖ ಗೊತ್ತಾಗದೇ ಹೋದರೆ ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಇವರದು ಬಾಲ್ಯದಿಂದ. ಆದರೂ ಪಕ್ಕಾ ಮಾಡುವುದು ನನ್ನ ಕೆಲಸವಲ್ಲ ಎಂದು ಬೆಂಗಳೂರಿಗೆ, ನರರೋಗ ತಜ್ಞರ ಬಳಿ ಕಳಿಸಿದೆ. ಸ್ಕ್ಯಾನಿನಲ್ಲಿ ಗಾಯದ ಗುರುತೇನೂ ಇರಲಿಲ್ಲ. ಇದಕ್ಕೆ ಮಾತ್ರೆಯೂ ಇಲ್ಲ.

"ಎಲ್ಲರಿಗೂ ಹೇಳಿಬಿಡಿ" ಅಂದೆ. ಅವರು ಒಪ್ಪಲಿಲ್ಲ. "ಕೆಲಸದವರಿಗೆ ಮುಂಗಡ ಕೊಡುವವನು ನಾನು. ಇನ್ಯಾರದೋ ಹೆಸರು ಹೇಳಿ ದುಡ್ಡು ಇಸ್ಕೊಂಡು ಹೋದರೆ?" ನ್ಯಾಯವಾದ ಭಯ. ನನಗೆ ಹೊಳೆದಿರಲೇ ಇಲ್ಲ. ಕೊನೆಗೆ ಹೀಗೆ ಮಾಡಿದೆವು: ಘಟಕದಲ್ಲಿ ಸುಮ್ನಿರುವುದು, ದುಡ್ಡು ಕೊಡುವ ಮುಂಚೆ ಆ ಆಳಿನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟು ಎದುರಿನವನ ಜೇಬು ಸದ್ದು ಮಾಡುತ್ತದಾ ನೋಡುವುದು. ನೆಂಟರಿಗೆ ಮಾತ್ರ ಬಾಯಿಬಿಟ್ಟು ಹೇಳುವುದು. ಸಮಾರಂಭದಲ್ಲಿ ಹೆಂಡತಿ ಮೊದಲೇ "ಅಣ್ಣಾ, ಯಾವಾಗ ಬಂದೆ?" ಎಂದು ಗಟ್ಟಿಯಾಗಿ ಮಾತಾಡಿಸುವುದು. ನಮ್ಮ ಕಡೆ ಒಂದು ಕೆಟ್ಟ ಆಟವಿದೆ, "ನಾನ್ಯಾರು ಹೇಳು ನೋಡೋಣ?" ಅದನ್ನು ಇವರ ಮುಂದೆ ಯಾರೂ ಆಡಬಾರದೆಂದು ಆಕೆಗೇ ಕಾವಲು ವಹಿಸಿದೆ.

ನಾಚಿಕೆ ಕಳೆಯಲು ನರವೈದ್ಯ ಆಲಿವರ್ ಸ್ಯಾಕ್ಸ್ ವಿಷಯ ಹೇಳಿದೆ. ಅವರಿಗೂ ಇದಿತ್ತು, ಕನ್ನಡಿಯಲ್ಲಿದ್ದ ಗಡ್ಡದವನಿಗೆ, ಅದು ತಾನೇ ಅಂತ ತಿಳಿಯದೆ, ಕ್ಷಮೆ ಕೇಳಿದ್ದರಂತೆ. ರೀಲರಣ್ಣ ಮೊದಲ ಸಲ ಜೋರಾಗಿ ನಕ್ಕರು.

ಭಾವನಿಗೆ ಫೋನ್ ಮಾಡಿ ಹೇಳಿದ್ದಾಯಿತು, ಅವರು ಸಮಾಧಾನವಾದರು. ಈಗಿನ ಚಿಂತೆ ಮಗಳದು. ಒಂಬತ್ತು ವರ್ಷ. ಒಂದೇ ಯೂನಿಫಾರಂ, ಒಂದೇ ರಿಬ್ಬನ್ನು, ಎರಡು ಜಡೆ. ತನ್ನ ಗೆಳತಿ ಯಾರೆಂದು ತಡಕಾಡುತ್ತಾಳಂತೆ. ಇದು ಮನೆತನದಲ್ಲಿ ಬರುವುದುಂಟು. ಮಗುವನ್ನೂ ತೋರಿಸಿ, ಟೀಚರಿಗೆ ಹೇಳಿ ಗೆಳತಿಯರನ್ನು ದಿನಾ ಅದೇ ಜಾಗದಲ್ಲಿ ಕೂರಿಸಲು ಕೇಳಿ ಎಂದಿದ್ದೇನೆ. ಅಜ್ಜಿ ಬೇಡ ಅನ್ನುತ್ತಿದ್ದಾರೆ, ಹೆಣ್ಣುಮಗು, ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ ಅಂತ. ಮುಂದಿನ ಭೇಟಿಗೆ ಅಜ್ಜಿಯನ್ನೂ ಕರೆತರಲು ಹೇಳಿದ್ದೇನೆ.