ಎಳೆಯ ಮಾಲ್ಟ್, ದಟ್ಟ ಹೊಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ಕಾಟ್ಲೆಂಡಿನಿಂದ ಬಂದ ಸಂಬಂಧಿಕರು ಕಿಲ್ಹೋಮನ್ ಭಟ್ಟಿಯ ‘ಮಾಕಿರ್ ಬೇ’ ವಿಸ್ಕಿಯನ್ನು ತಂದುಕೊಟ್ಟಿದ್ದಾರೆ. ಬಾಟಲಿಯ ಮೇಲೆ ವಯಸ್ಸು ನಮೂದಾಗಿಲ್ಲ. ಗುಟುಕರಿಸಿದಾಗ ಹೊಗೆಯ ಹೊರತು ಬೇರೇನೂ ತಿಳಿಯಲಿಲ್ಲ. ಹೊಸ ಭಟ್ಟಿಯ ಎಳೆಯ ಮಾಲ್ಟಿನ ಗುಣವನ್ನು ಅಳೆಯುವುದು ಹೇಗೆ? – ಓದುಗರೊಬ್ಬರು, ಮೈಸೂರು

ಉತ್ತರ: ಮೊದಲ ಗುಟುಕಿನಲ್ಲಿ ಹೊಗೆಯೊಂದೇ ತಿಳಿಯುವುದು ಸಹಜ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ 124 ವರ್ಷಗಳ ಬಳಿಕ, 2005ರಲ್ಲಿ, ತಲೆಯೆತ್ತಿದ ಈ ಹೊಸ ಭಟ್ಟಿಯು 2009ರಲ್ಲಿ ತನ್ನ ಮೊದಲ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿಯನ್ನು) ಹೊರತಂದಾಗ ಅದಕ್ಕೆ ಮೂರೇ ವರ್ಷ ತುಂಬಿತ್ತು. ಸ್ಕಾಚ್ ಎನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕಳೆಯಲೇಬೇಕಾದ ಕನಿಷ್ಠ ಅವಧಿಯೂ ಅಷ್ಟೇ. ಹೊಸದಾಗಿ ಭಟ್ಟಿ ಹಾಕಿದವರು ಹನ್ನೆರಡು ವರ್ಷ ಕಾಯುತ್ತ ಕೂರಲಾರರು, ಸಾಲದ ಕಂತು ಅಷ್ಟು ದಿನ ಸುಮ್ಮನಿರುವುದೂ ಇಲ್ಲ. ಅಂಥವರಿಗೆ ಪೀಟ್ ದೊಡ್ಡ ಆಸರೆ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟನ್ನು, ಅಂದರೆ ಅರೆಕೊಳೆತ ಸಸ್ಯಗಳ ಮಣ್ಣನ್ನು, ಉರಿಸಿ, ಅದರ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುವಾಗ ಕಾಳಿಗೆ ಹತ್ತುವ ಫೀನಾಲುಗಳ (ಹೊಗೆಯ ವಾಸನೆ ಕೊಡುವ ರಾಸಾಯನಿಕಗಳ) ಕಟುತ್ವ ಪೀಪಾಯಿಯಲ್ಲಿ ವರ್ಷಗಳು ಉರುಳಿದಂತೆ ಕುಗ್ಗುತ್ತದೆ. ಆದ್ದರಿಂದ ಹೊಗೆಯ ಪೂರ್ಣ ಕಸುವು ಕಾಣುವುದು ಎಳವೆಯಲ್ಲಿಯೇ. ಆದರೆ ಸಾರಿಗೆ ಖಾರ ಮುಂದಾದರೆ ಬೇಳೆ ಬೆಂದಿಲ್ಲವೆಂಬುದು ತಿಳಿಯದಂತೆ, ಆ ಹೊಗೆಯ ಮರೆಯಲ್ಲಿ ಹದಗೊಳ್ಳದ ಮದ್ಯವೂ ಪಾರಾಗಿಬಿಡಬಹುದು. ಹಾಗಾಗಿ ನೀವು ಅಳೆಯಬೇಕಾದುದು ಹೊಗೆಯನ್ನಲ್ಲ, ಹೊಗೆಯ ಕೆಳಗೆ ಇರುವುದನ್ನು.

ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪವೇ ಸುರಿದು ಕಾಲು ಗಂಟೆ ಬಿಡಿ. ನಡುನಡುವೆ ಮೂಸುತ್ತಿದ್ದರೆ ಮೂಗು ಹೊಗೆಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಉಳಿದ ವಾಸನೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಮಾಕಿರ್ ಬೇ ಹೆಚ್ಚಾಗಿ ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಗಳಲ್ಲಿಯೂ ಸ್ವಲ್ಪಮಟ್ಟಿಗೆ ಒಲೊರೊಸೊ ಶೆರಿ (ಸ್ಪೇನಿನ ಒಂದು ವೈನ್) ಪೀಪಾಯಿಗಳಲ್ಲಿಯೂ ಮಾಗಿದ್ದು. ಆದ್ದರಿಂದ ನಿಂಬೆಸಿಪ್ಪೆ, ಪೇರ್ ಹಣ್ಣು, ವೆನಿಲಾ, ಹಿಂದೆಲ್ಲೋ ಒಣದ್ರಾಕ್ಷಿ ಇವುಗಳನ್ನು ಹುಡುಕಬಹುದು. ಪೇರ್ ಹಣ್ಣಿನ ವಾಸನೆ ಎಳೆತನದ ಗುರುತು, ದೋಷವಲ್ಲ. ಅದರ ಬದಲು ನೆಂದ ಹಸಿ ಹಿಟ್ಟು, ಒಡೆದ ಹಾಲಿನ ಹುಳಿ ಅಥವಾ ಉಗುರುಬಣ್ಣದ ಘಾಟು ಮೂಗಿಗೆ ಹೊಡೆದರೆ ಮದ್ಯವನ್ನು ಅವಸರದಲ್ಲಿ ಬಾಟಲಿಗೆ ತುಂಬಿದ್ದಾರೆ ಎಂದೇ ನಾನು ತೀರ್ಮಾನಿಸುತ್ತೇನೆ. ಶೇ 46ರಷ್ಟು ಮದ್ಯಸಾರವಿರುವ ಈ ವಿಸ್ಕಿಗೆ ಮೊದಲು ನೀರು ಬೆರೆಸದೆ, ಬಳಿಕ ನಾಲ್ಕಾರು ಹನಿ ಬೆರೆಸಿ ನೋಡಿ. ಹೊಗೆಯ ವಾಸನೆಗೆ ಮುಖ್ಯ ಕಾರಣಗಳಲ್ಲೊಂದಾದ ಗ್ವಾಯಕಾಲ್ ನೀರು ಬೆರೆತಾಗ ದ್ರವದ ಮೇಲ್ಮೈಯತ್ತ ಸೇರುತ್ತದೆಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಐಸ್ ಮಾತ್ರ ಬೇಡ; ತಣ್ಣಗಾದ ಮದ್ಯ ಗುಣವನ್ನೂ ದೋಷವನ್ನೂ ಒಟ್ಟಿಗೇ ಬಚ್ಚಿಡುತ್ತದೆ.

ಪ್ರಶ್ನೆ: ಪೀಟ್ ವಿಸ್ಕಿಗಳ ಬಗ್ಗೆ ‘50 ಪಿಪಿಎಂ’ ಎಂದು ಬರೆಯುತ್ತಾರೆ. ಲೋಟದಲ್ಲಿಯೂ ಅಷ್ಟೇ ಹೊಗೆ ಇರುತ್ತದೆಯೇ?

ಉತ್ತರ: ಇಲ್ಲ. ಅದು ಸಾಮಾನ್ಯವಾಗಿ ಒಣಗಿಸಿದ ಮೊಳಕೆ ಬಾರ್ಲಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಫೀನಾಲಿದೆ ಎಂಬುದರ ಅಳತೆ. ಬಟ್ಟಿ ಇಳಿದು ಬರುವಷ್ಟರಲ್ಲಿ ಬಹುಪಾಲು ಕಳೆದುಹೋಗಿರುತ್ತದೆ. ಭಾರವಾದ ಫೀನಾಲುಗಳು ಬಟ್ಟಿಯ ಕೊನೆಯ ಹಂತದಲ್ಲಿ ಹೆಚ್ಚಾಗಿ ಇಳಿಯುವುದರಿಂದ, ಮದ್ಯ ಹಿಡಿಯುವುದನ್ನು ಯಾವಾಗ ನಿಲ್ಲಿಸಿದರು ಎಂಬುದರ ಮೇಲೂ ಹೊಗೆಯ ಸ್ವಭಾವ ನಿಂತಿದೆ. ಕಿಲ್ಹೋಮನ್ ಭಟ್ಟಿಯವರೇ ಐಲಾದ ಪೋರ್ಟ್ ಎಲೆನ್ ಮಾಲ್ಟ್ ತಯಾರಿಕಾ ಘಟಕದಿಂದ ತರಿಸುವ ಮಾಲ್ಟ್ (ಮೊಳಕೆ ಬಾರ್ಲಿ) 50 ಪಿಪಿಎಂ, ತಮ್ಮ ಹೊಲದ ಬಾರ್ಲಿಯಿಂದ ತಾವೇ ಮಾಡುವ ಮಾಲ್ಟ್ 20 ಪಿಪಿಎಂ. ನನ್ನ ನಾಲಿಗೆಗೆ ಎರಡನೆಯದೇ ಹೆಚ್ಚು ರುಚಿ.

ಪ್ರಶ್ನೆ: ನಮ್ಮ ಬೆಂಗಳೂರಿನ ಅಮೃತ್ ಮಾಲ್ಟುಗಳಿಗೂ ಹೆಚ್ಚು ವಯಸ್ಸಾಗಿರುವುದಿಲ್ಲ. ಅವನ್ನೂ ಎಳೆಯವು ಎನ್ನಬೇಕೆ?

ಉತ್ತರ: ವರ್ಷಗಳ ಲೆಕ್ಕವನ್ನು ಎರಡೂ ಕಡೆ ಒಂದೇ ಎಂದು ಹಿಡಿಯಬಾರದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಅದು ಶೇ 10ನ್ನು ದಾಟುತ್ತದೆ, ಮದ್ಯವು ಮರದ ಸಾರವನ್ನು ಹೀರುವ ವೇಗವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಭಾರತದ ಬಾರ್ಲಿಯ ಜೊತೆಗೆ ಪೀಟ್ ಹೊಗೆಯಾಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಬಳಸಿ ಮಾಡುವ ಅಮೃತ್ ಫ್ಯೂಷನ್ನಿನಲ್ಲಿ ಹೊಗೆ ಹಗುರ, ಓಕ್ ಮುಂದು. ಇಂಥ ಮಾಲ್ಟಿನಲ್ಲಿ ಹಸಿತನಕ್ಕಿಂತ ಮರದ ಒಗರಿನ ಮೇಲೆ ಕಣ್ಣಿಡಿ: ನುಂಗಿದ ಮೇಲೆ ನಾಲಿಗೆಯ ಅಂಚು ಒಣಗಿ ಹಿಡಿದುಕೊಂಡರೆ ಪೀಪಾಯಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಕಾಲ ಬಿಟ್ಟಿದ್ದಾರೆ ಎಂದು ಸಂಶಯಿಸಬಹುದು.